ಪ್ರೊಸೆಸರ್ ಫ್ಯಾನ್ ಗಲಾಟೆ: ಯಂತ್ರ ಬಿಚ್ಚುವ ಮೊದಲು ಸದ್ದಿಗೆ ಕಿವಿಗೊಡಿ

ಓದುಗರ ಪ್ರಶ್ನೆ:

“ನನ್ನ ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ನಾಲ್ಕು ವರ್ಷವಾಗಿದೆ. ಅನುವಾದ ಮತ್ತು ಪುಟವಿನ್ಯಾಸದ ಕೆಲಸ ನನ್ನದು, ಹೆಚ್ಚಾಗಿ ರಾತ್ರಿ ಹೊತ್ತು ಮಾಡುತ್ತೇನೆ. ಅದೇ ಕೋಣೆಯಲ್ಲಿ ನನ್ನ ತಾಯಿ ಮಲಗುತ್ತಾರೆ. ಕೆಲವು ತಿಂಗಳಿಂದ ಪ್ರೊಸೆಸರ್ ಮೇಲಿನ ಫ್ಯಾನ್ ವಿಪರೀತ ಸದ್ದು ಮಾಡುತ್ತಿದೆ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ಗರಗರ ಎನ್ನುತ್ತದೆ, ಹತ್ತು ನಿಮಿಷದಲ್ಲಿ ಅದು ನಿಲ್ಲುತ್ತದೆ. ಆಮೇಲೆ ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೂ ಸಾಕು, ಭರ್ರೆಂದು ಏರಿ, ಎರಡು ಕ್ಷಣದಲ್ಲಿ ಇಳಿಯುತ್ತದೆ. ರಾತ್ರಿಯಿಡೀ ಇದೇ ಏರಿಳಿತ. ಸುಮ್ಮನಿದ್ದಾಗ ತಾಪಮಾನ 50 ಡಿಗ್ರಿ ಆಸುಪಾಸು, ದೊಡ್ಡ ಪುಸ್ತಕವನ್ನು ಪಿಡಿಎಫ್ ಮಾಡುವಾಗ 90 ದಾಟುತ್ತದೆ. ಫ್ಯಾನ್ ಪ್ರೊಸೆಸರ್ ಜೊತೆಗೇ ಬಂದದ್ದು. ರಿಪೇರಿಯವರು ವಾಟರ್ ಕೂಲಿಂಗ್ ಹಾಕಿಸಿ ಎನ್ನುತ್ತಾರೆ. ಸ್ನೇಹಿತರೊಬ್ಬರು ಎಣ್ಣೆ ಬಿಡಿ ಎಂದರು, ಇನ್ನೊಬ್ಬರು ಕ್ಯಾಬಿನೆಟ್ ಬಾಗಿಲು ತೆಗೆದಿಡಿ ಎಂದರು. ಇದು ಪ್ರೊಸೆಸರ್ ಸುಟ್ಟುಹೋಗುವ ಮುನ್ಸೂಚನೆಯೇ? ಸರಿಪಡಿಸುವ ತನಕ ಬಳಸಬಹುದೇ?”

ತಜ್ಞರ ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸದ್ದುಗಳಿವೆ. ಬೆಳಗಿನ ಗರಗರ ಒಂದು, ರಾತ್ರಿಯ ಏರಿಳಿತ ಇನ್ನೊಂದು. ಎರಡೂ ಒಂದೇ ಫ್ಯಾನಿನಿಂದ ಬರುತ್ತಿರಬಹುದು, ಆದರೆ ಅವುಗಳ ಕಾರಣ ಬೇರೆ, ಪರಿಹಾರವೂ ಬೇರೆ. ಎಲ್ಲರೂ ಇವೆರಡನ್ನೂ ‘ಫ್ಯಾನ್ ಸದ್ದು’ ಎಂದು ಒಂದೇ ಗಂಟು ಕಟ್ಟಿದ್ದರಿಂದ ನಿಮಗೆ ಮೂರು ದಿಕ್ಕಿನ ಸಲಹೆ ಸಿಕ್ಕಿದೆ. ಅವುಗಳಲ್ಲಿ ಒಂದು ದುಬಾರಿ, ಒಂದು ತಾತ್ಕಾಲಿಕ, ಮೂರನೆಯದು ಪರೀಕ್ಷೆಗೆ ಮಾತ್ರ ಒಳ್ಳೆಯದು.

ಮೊದಲು ಭಯದ ಮಾತು ಮುಗಿಸೋಣ. ನಿಮ್ಮ ಪ್ರೊಸೆಸರ್ ಸುಟ್ಟುಹೋಗುವ ಹಂತದಲ್ಲಿಲ್ಲ. ಈಗಿನ ಪ್ರೊಸೆಸರ್‌ಗಳ ಒಳಗೇ ತಾಪಮಾನ ಅಳೆಯುವ ಸಂವೇದಕಗಳಿರುತ್ತವೆ. ಹೆಚ್ಚಿನ ಡೆಸ್ಕ್‌ಟಾಪ್ ಮಾದರಿಗಳಲ್ಲಿ 90ರಿಂದ 105 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೋ ತಯಾರಕರು ಒಂದು ಮಿತಿ ಇಟ್ಟಿರುತ್ತಾರೆ. ಅದನ್ನು ಮುಟ್ಟಿದ ಕೂಡಲೇ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಆಗಲೂ ಶಾಖ ಇಳಿಯದಿದ್ದರೆ ಯಂತ್ರ ತನ್ನಷ್ಟಕ್ಕೆ ಆಫ್ ಆಗುತ್ತದೆ. ಹೀಗಾಗಿ ಶಾಖದಿಂದ ಆಗುವ ನಷ್ಟ ಮೊದಲು ಕಾಣುವುದು ಕೆಲಸದ ವೇಗದಲ್ಲಿ. ಅದೇ ಪುಸ್ತಕದ ಪಿಡಿಎಫ್ ತಯಾರಾಗಲು ಹಿಂದಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆ ಎಂದು ನಿಮಗೆ ಅನ್ನಿಸಿದ್ದರೆ, ಅನಿಸಿಕೆ ನಿಜವಿರಬಹುದು. 90 ದಾಟುವುದು ಅನಾಹುತವಲ್ಲ, ಆದರೆ ನಿಮ್ಮ ಬಗೆಯ ಕೆಲಸಕ್ಕೆ ಅಷ್ಟು ಏರುವ ಅಗತ್ಯವೂ ಇಲ್ಲ. ಶಾಖ ಹೊರಹೋಗುವ ದಾರಿಯಲ್ಲಿ ಏನೋ ತಡೆಯಿದೆ.

ಇನ್ನೊಂದು ಮಾತನ್ನು ಖಚಿತಪಡಿಸಿಕೊಳ್ಳಿ. ಸದ್ದು ನಿಜಕ್ಕೂ ಪ್ರೊಸೆಸರ್ ಫ್ಯಾನಿನದೇ? ಕ್ಯಾಬಿನೆಟ್ ಒಳಗೆ ಪವರ್ ಸಪ್ಲೈಗೆ ಒಂದು ಫ್ಯಾನ್, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೆ ಒಂದೆರಡು, ಹಿಂಬದಿಯಲ್ಲಿ ಇನ್ನೊಂದು ಇರುತ್ತವೆ. ಹಳೆಯ ಹಾರ್ಡ್‌ಡಿಸ್ಕ್ ಕೂಡ ಗುಂಯ್‌ಗುಡುತ್ತದೆ. ಲೋಹದ ಡಬ್ಬಿಯೊಳಗೆ ಸದ್ದು ಎಲ್ಲ ಕಡೆ ಬಡಿದು ಹೊರಬರುವುದರಿಂದ ದೂರ ಕುಳಿತ ಕಿವಿಗೆ ಮೂಲ ತಿಳಿಯುವುದಿಲ್ಲ. ಒಂದು ದಪ್ಪ ಕಾಗದವನ್ನು ಕೊಳವೆಯಾಗಿ ಸುತ್ತಿ, ಪಕ್ಕದ ಬಾಗಿಲು ತೆಗೆದು, ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಒಂದೊಂದು ಫ್ಯಾನಿನ ಎದುರಿಗೆ, ರೆಕ್ಕೆಗೆ ತಾಗದ ದೂರದಲ್ಲಿ ಹಿಡಿಯಿರಿ. ಅಪರಾಧಿ ಯಾರೆಂದು ಅರೆನಿಮಿಷದಲ್ಲಿ ಗೊತ್ತಾಗುತ್ತದೆ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ, ತೋಳಿನ ಅಂಚು ಮಡಚಿಕೊಳ್ಳಿ. ಪವರ್ ಸಪ್ಲೈ ಫ್ಯಾನೇ ಗರಗರ ಎನ್ನುತ್ತಿದೆ ಎಂದು ಕಂಡುಬಂದರೆ ಅಲ್ಲಿಗೇ ನಿಲ್ಲಿಸಿ. ಆ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಒಳಗಿನ, ವಿದ್ಯುತ್ ಕೂಡಿಡುವ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಪ್ರೊಸೆಸರ್ ಫ್ಯಾನೇ ಎಂದಾದರೆ ಅದರ ಸದ್ದಿನ ಬಗೆ ಅರ್ಧ ರೋಗನಿರ್ಣಯ ಮಾಡಿಕೊಡುತ್ತದೆ. ಟಕಟಕ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಯಾವುದೋ ತಂತಿ ರೆಕ್ಕೆಗೆ ತಾಗುತ್ತಿದೆ, ಇಲ್ಲವೇ ರೆಕ್ಕೆಯ ಅಂಚು ಮುರಿದಿದೆ. ತಂತಿಯನ್ನು ಪಕ್ಕಕ್ಕೆ ಸರಿಸಿ ಕಟ್ಟಿದರೆ ಕೆಲಸ ಮುಗಿಯಿತು. ಗಾಳಿ ನುಗ್ಗುವ ಸುಯ್ ಸದ್ದು ವೇಗಕ್ಕೆ ಸಂಬಂಧಿಸಿದ್ದು, ಫ್ಯಾನ್ ಕೆಟ್ಟಿಲ್ಲ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಹಮ್ಮೆಂದು ಕೇಳಿ, ವೇಗ ಸ್ವಲ್ಪ ಹೆಚ್ಚಿದರೂ ಕಡಿಮೆಯಾದರೂ ಮಾಯವಾಗುವ ಸದ್ದು ಕ್ಯಾಬಿನೆಟ್‌ನ ತಗಡು ಜೊತೆಗೂಡಿ ಕಂಪಿಸುವುದರಿಂದ ಬರುತ್ತದೆ. ಆ ಹೊತ್ತಿಗೆ ಬಾಗಿಲಿನ ಮೇಲೆ ಅಂಗೈ ಒತ್ತಿ ನೋಡಿ, ಸದ್ದು ಅಡಗಿದರೆ ಸಡಿಲ ಸ್ಕ್ರೂ ಬಿಗಿ ಮಾಡಿದರೆ ಸಾಕು. ಉಳಿದದ್ದು ಗರಗರ, ಕರಕರ, ಗೀರುವ ಸದ್ದು. ಅದು ಬೇರಿಂಗ್‌ನದು.

ನಿಮ್ಮ ಬೆಳಗಿನ ಸದ್ದು ಇದೇ ಜಾತಿಗೆ ಸೇರಿದೆ. ಪ್ರೊಸೆಸರ್ ಜೊತೆ ಬರುವ ಅಗ್ಗದ ಫ್ಯಾನ್‌ಗಳಲ್ಲಿ ಹೆಚ್ಚಾಗಿ ಸ್ಲೀವ್ ಬೇರಿಂಗ್ ಇರುತ್ತದೆ. ಒಂದು ಸಣ್ಣ ಲೋಹದ ತೋಳು, ಅದರೊಳಗೆ ತಿರುಗುವ ಉಕ್ಕಿನ ಕಡ್ಡಿ, ನಡುವೆ ಎಣ್ಣೆಯ ತೆಳು ಪದರ. ಪ್ರೊಸೆಸರ್‌ನ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ಭಾಗವಾದ ಹೀಟ್‌ಸಿಂಕ್‌ನ ಶಾಖದ ಮೇಲೆಯೇ ಕುಳಿತಿರುವ ಈ ಎಣ್ಣೆ ವರ್ಷಗಟ್ಟಲೆ ಆರುತ್ತಾ ಬರುತ್ತದೆ, ಉಳಿದದ್ದು ಮಂದವಾಗುತ್ತದೆ. ರಾತ್ರಿ ತಣ್ಣಗಾದ ಯಂತ್ರವನ್ನು ಬೆಳಿಗ್ಗೆ ಆನ್ ಮಾಡಿದಾಗ ಆ ಮಂದ ಎಣ್ಣೆ ಎಲ್ಲೆಡೆ ಹರಡುವ ತನಕ ಕಡ್ಡಿ ತೋಳಿಗೆ ಉಜ್ಜುತ್ತದೆ. ಹತ್ತು ನಿಮಿಷದಲ್ಲಿ ಬಿಸಿಯೇರಿ ಎಣ್ಣೆ ತೆಳುವಾದಾಗ ಸದ್ದು ನಿಲ್ಲುತ್ತದೆ. ನಿಂತಿತಲ್ಲ ಎಂದು ಹೆಚ್ಚಿನವರು ಮರೆತುಬಿಡುತ್ತಾರೆ. ಆದರೆ ದಿನವೂ ಆ ಹತ್ತು ನಿಮಿಷ ತೋಳು ಸವೆಯುತ್ತಿರುತ್ತದೆ, ಕಡ್ಡಿಗೆ ಜಾಗ ಹೆಚ್ಚಾಗುತ್ತದೆ, ಫ್ಯಾನ್ ಓಲಾಡತೊಡಗುತ್ತದೆ. ಯಂತ್ರ ಆಫ್ ಮಾಡಿ, ಫ್ಯಾನಿನ ನಡುಭಾಗವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅತ್ತಿತ್ತ ಅಲುಗಿಸಿ. ಕೂದಲೆಳೆಯಷ್ಟು ಸಡಿಲ ಸಹಜ. ಕಣ್ಣಿಗೆ ಕಾಣುವಷ್ಟು ಓಲಾಡಿದರೆ ಅದರ ಆಯುಷ್ಯ ಮುಗಿಯುತ್ತಾ ಬಂದಿದೆ.

ಎಣ್ಣೆ ಬಿಡುವ ಸಲಹೆ ಪೂರ್ತಿ ತಪ್ಪಲ್ಲ. ಫ್ಯಾನಿನ ನಡುವಿನ ಸ್ಟಿಕರ್ ಎಬ್ಬಿಸಿದರೆ ಹಲವು ಮಾದರಿಗಳಲ್ಲಿ ಬೇರಿಂಗ್‌ನ ಬಾಯಿ ಕಾಣುತ್ತದೆ. ಅಲ್ಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ ಬಿಟ್ಟರೆ ಕೆಲವು ವಾರ, ಅದೃಷ್ಟವಿದ್ದರೆ ಕೆಲವು ತಿಂಗಳು ಸದ್ದು ಅಡಗುತ್ತದೆ. ಆದರೆ ಸವೆದ ಲೋಹ ಮತ್ತೆ ಬೆಳೆಯುವುದಿಲ್ಲ. ಅಡುಗೆ ಎಣ್ಣೆಯನ್ನು ಯಾವ ಕಾರಣಕ್ಕೂ ಬಳಸಬೇಡಿ, ಅದು ಶಾಖಕ್ಕೆ ಅಂಟಾಗಿ ಫ್ಯಾನನ್ನೇ ಹಿಡಿದು ನಿಲ್ಲಿಸುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳೂ ಬೇಡ. ಅವುಗಳಲ್ಲಿರುವ ದ್ರಾವಕ ಒಳಗಿನ ಅಷ್ಟಿಷ್ಟು ಎಣ್ಣೆಯನ್ನೂ ತೊಳೆದುಹಾಕಿ ತಾನು ಆವಿಯಾಗುತ್ತದೆ. ಎರಡು ದಿನ ನಿಶ್ಶಬ್ದ, ಮೂರನೆಯ ದಿನ ಮೊದಲಿಗಿಂತ ಜೋರು. ಸ್ಟಿಕರ್ ಮತ್ತೆ ಸರಿಯಾಗಿ ಅಂಟದಿದ್ದರೆ ಎಣ್ಣೆ ಹೊರಚೆಲ್ಲಿ ಧೂಳು ಹಿಡಿಯುತ್ತದೆ. ಹೊಸ ಫ್ಯಾನ್ ಕೈಸೇರುವ ತನಕ ದಿನ ದೂಡಲು ಎಣ್ಣೆ ಸರಿ, ಪರಿಹಾರವೆಂದು ನೆಚ್ಚಿಕೊಳ್ಳಬೇಡಿ.

ಈಗ ನಿಮ್ಮ ತಾಯಿಯ ನಿದ್ದೆ ಕೆಡಿಸುತ್ತಿರುವ ಸದ್ದಿಗೆ ಬರೋಣ. ಒಂದೇ ಸಮನೆ ಸುಯ್ಯೆನ್ನುವ ಫ್ಯಾನಿಗೆ ಕಿವಿ ಸ್ವಲ್ಪ ಹೊತ್ತಿನಲ್ಲಿ ಒಗ್ಗಿಕೊಳ್ಳುತ್ತದೆ. ಏರಿ ಇಳಿಯುವ ಸದ್ದಿಗೆ ಒಗ್ಗಿಕೊಳ್ಳುವುದಿಲ್ಲ, ಪ್ರತಿ ಏರಿಕೆಯೂ ಹೊಸದಾಗಿ ಎಚ್ಚರಿಸುತ್ತದೆ. ಆದ್ದರಿಂದ ಸದ್ದನ್ನು ಕಡಿಮೆ ಮಾಡುವುದಕ್ಕಿಂತ ಮೊದಲು ಅದನ್ನು ಸಮ ಮಾಡಬೇಕು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಆದರೂ ರಿಪೇರಿ ಅಂಗಡಿಗಳಲ್ಲಿ ಇದನ್ನು ಹೇಳುವವರು ಕಡಿಮೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಬ್ರೌಸರ್‌ನಲ್ಲಿ ಪುಟ ತೆರೆದಾಗ ಆಗುವುದಿಷ್ಟು. ಪುಟವನ್ನು ಬೇಗ ತೋರಿಸಲು ಪ್ರೊಸೆಸರ್ ತನ್ನೊಳಗಿನ ಒಂದೆರಡು ಕೋರ್‌ಗಳನ್ನು, ಅಂದರೆ ಲೆಕ್ಕ ಮಾಡುವ ಘಟಕಗಳನ್ನು, ಅತಿ ಹೆಚ್ಚಿನ ವೇಗಕ್ಕೆ ಏರಿಸುತ್ತದೆ. ವೇಗ ಏರಲು ವೋಲ್ಟೇಜ್ ಏರಬೇಕು, ಖರ್ಚಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಷ್ಟೂ ಶಾಖ ಹುಟ್ಟುವುದು ಉಗುರಿಗಿಂತ ಚಿಕ್ಕದಾದ ಸಿಲಿಕಾನ್ ಚೂರಿನ ಒಂದು ಮೂಲೆಯಲ್ಲಿ. ಹಾಗಾಗಿ ಅಲ್ಲಿನ ಸಂವೇದಕ ಕಣ್ಣು ಮಿಟುಕಿಸುವಷ್ಟರಲ್ಲಿ 10–20 ಡಿಗ್ರಿ ಏರಿದ್ದನ್ನು ತೋರಿಸುತ್ತದೆ, ಕೆಲಸ ಮುಗಿದ ಕ್ಷಣ ಇಳಿದದ್ದನ್ನೂ ತೋರಿಸುತ್ತದೆ. ಎಲ್ಲ ಭಾಗಗಳೂ ಕೂರುವ ಮೂಲ ಹಲಗೆಯಾದ ಮದರ್‌ಬೋರ್ಡ್ ಆ ಅಂಕಿಯನ್ನೇ ನಂಬಿ ಫ್ಯಾನಿಗೆ ಓಡು ಎನ್ನುತ್ತದೆ, ಮರುಕ್ಷಣ ನಿಲ್ಲು ಎನ್ನುತ್ತದೆ. ಈ ಓಟದಿಂದ ಲಾಭವೇನೂ ಇಲ್ಲ. ಹೀಟ್‌ಸಿಂಕ್‌ನ ಅಷ್ಟು ದಪ್ಪ ಲೋಹಕ್ಕೆ ಬಿಸಿ ತಟ್ಟಲು ಹೊತ್ತು ಬೇಕು, ಎರಡು ಕ್ಷಣದ ಬಿಸಿಯನ್ನು ಅದು ಸದ್ದಿಲ್ಲದೆ ನುಂಗಿಕೊಳ್ಳಬಲ್ಲದು. ಫ್ಯಾನ್ ಬೀಸಿದ್ದು ಇನ್ನೂ ತಣ್ಣಗೇ ಇದ್ದ ಲೋಹದ ಮೇಲೆ.

ಇದನ್ನು ತಿದ್ದುವ ಜಾಗ ಬಯಾಸ್, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಓಡುವ ಮದರ್‌ಬೋರ್ಡ್‌ನ ಸ್ವಂತ ತಂತ್ರಾಂಶ. ಯಂತ್ರ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಅದು ತೆರೆದುಕೊಳ್ಳುತ್ತದೆ. ಆಸುಸ್ ಬೋರ್ಡ್‌ಗಳಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್ ಬೋರ್ಡ್‌ಗಳಲ್ಲಿ ಸ್ಮಾರ್ಟ್ ಫ್ಯಾನ್ ಎಂಬ ಹೆಸರಿನಲ್ಲಿ ಫ್ಯಾನ್ ನಿಯಂತ್ರಣ ಇರುತ್ತದೆ. ಅಲ್ಲಿ ಎರಡು ವಿಷಯ ನೋಡಿ. ಒಂದು, ತಾಪಮಾನಕ್ಕೆ ತಕ್ಕ ವೇಗದ ರೇಖೆ. ನಿಮ್ಮಂಥ ಕೆಲಸಕ್ಕೆ 60–65 ಡಿಗ್ರಿಯವರೆಗೆ ರೇಖೆ ಚಪ್ಪಟೆಯಾಗಿರಲಿ, ವೇಗ ಶೇಕಡಾ 35–40ರಲ್ಲಿ ನಿಂತಿರಲಿ. 75ಕ್ಕೆ ಶೇಕಡಾ 60, 85ಕ್ಕೆ ಪೂರ್ಣ ವೇಗ ಇಡಬಹುದು. ಇನ್ನೊಂದು, ತಾಪಮಾನ ಏರಿದ ಎಷ್ಟು ಸೆಕೆಂಡಿನ ಮೇಲೆ ಫ್ಯಾನ್ ಪ್ರತಿಕ್ರಿಯಿಸಬೇಕು ಎಂಬ ವಿಳಂಬದ ಆಯ್ಕೆ. ಸ್ಟೆಪ್ ಅಪ್ ಟೈಮ್, ಸ್ಮೂದಿಂಗ್ ಎಂಬಿತ್ಯಾದಿ ಹೆಸರುಗಳಲ್ಲಿರುತ್ತದೆ. ಸೊನ್ನೆಯಲ್ಲಿದ್ದರೆ ಐದಾರು ಸೆಕೆಂಡಿಗೆ ಏರಿಸಿ. ಪುಟ ತೆರೆದಾಗಿನ ಭರ್ರೆಂಬ ಸದ್ದು ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತದೆ. ಕೊನೆಯ ಬಿಂದುವನ್ನು ಮಾತ್ರ ಪೂರ್ಣ ವೇಗದಿಂದ ಕೆಳಗಿಳಿಸಬೇಡಿ. ಹಾಗೆಯೇ ಕನಿಷ್ಠ ವೇಗವನ್ನು ತೀರಾ ಇಳಿಸಿದರೆ ಫ್ಯಾನ್ ತಿರುಗಲಾರದೆ ಮುಗ್ಗರಿಸುತ್ತದೆ, ಕೆಲವು ಬೋರ್ಡ್‌ಗಳು ಮುಂದಿನ ಸಲ ಆನ್ ಮಾಡಿದಾಗ ‘ಸಿಪಿಯು ಫ್ಯಾನ್ ಎರರ್’ ಎಂದು ತೋರಿಸಿ ನಿಂತುಬಿಡುತ್ತವೆ.

ಇಲ್ಲೇ ಇನ್ನೊಂದು ವಿಷಯ ಸೇರಿಸುತ್ತೇನೆ, ನಿಮಗಲ್ಲದಿದ್ದರೂ ಬೇರೆ ಓದುಗರಿಗೆ ಬೇಕಾದೀತು. ಫ್ಯಾನಿನ ತಂತಿಯ ಕೊನೆಯಲ್ಲಿ ಮೂರು ರಂಧ್ರಗಳಿವೆಯೋ ನಾಲ್ಕೋ ನೋಡಿ. ನಾಲ್ಕಿದ್ದರೆ ಅದು ಪಿಡಬ್ಲ್ಯೂಎಂ ಫ್ಯಾನ್, ನಾಲ್ಕನೆಯ ತಂತಿಯಲ್ಲಿ ವೇಗದ ಆದೇಶ ಬರುತ್ತದೆ. ಮೂರಿದ್ದರೆ ಅದರ ವೇಗವನ್ನು ವೋಲ್ಟೇಜ್ ಇಳಿಸಿಯೇ ನಿಯಂತ್ರಿಸಬೇಕು. ಮೂರು ತಂತಿಯ ಫ್ಯಾನ್ ಹಾಕಿ ಬಯಾಸ್‌ನಲ್ಲಿ ಪಿಡಬ್ಲ್ಯೂಎಂ ಎಂದೇ ಬಿಟ್ಟಿದ್ದರೆ ಅದು ಸದಾ ಪೂರ್ಣ ವೇಗದಲ್ಲಿ ಅರಚುತ್ತಿರುತ್ತದೆ. ಅದನ್ನು ಡಿಸಿ, ಅಂದರೆ ವೋಲ್ಟೇಜ್‌ನಿಂದ ನಿಯಂತ್ರಿಸುವ ಬಗೆ, ಎಂದು ಬದಲಿಸಿದ ಕೂಡಲೇ ಕೋಣೆ ಶಾಂತವಾಗುತ್ತದೆ.

ಆದರೆ ನಿಮ್ಮ ಯಂತ್ರದಲ್ಲಿ ಬಯಾಸ್ ತಿದ್ದುವುದಷ್ಟೇ ಸಾಲದು. 90 ದಾಟುವ ತಾಪಮಾನ ಹಾಗೇ ಉಳಿದರೆ ಪಿಡಿಎಫ್ ಮಾಡುವಾಗ ಫ್ಯಾನ್ ಪೂರ್ಣ ವೇಗಕ್ಕೆ ಹೋಗಲೇಬೇಕು. ಅದರ ಮೂಲ ಹುಡುಕಲು ಒಂದು ಸರಳ ಪರೀಕ್ಷೆ ಇದೆ. ಎಚ್‌ಡಬ್ಲ್ಯೂಇನ್ಫೋದಂಥ ತಾಪಮಾನ ತೋರಿಸುವ ತಂತ್ರಾಂಶ ತೆರೆದಿಟ್ಟು, ನಿಮ್ಮ ದೊಡ್ಡ ಪುಸ್ತಕವನ್ನು ಪಿಡಿಎಫ್ ಮಾಡಲು ಕೊಡಿ. ಅಂಕಿಯ ಮೇಲೆ ಕಣ್ಣಿಡಿ. ಒಂದೆರಡು ಸೆಕೆಂಡಿನಲ್ಲೇ 50ರಿಂದ 90ಕ್ಕೆ ಜಿಗಿದು, ಕೆಲಸ ಮುಗಿದೊಡನೆ ಅಷ್ಟೇ ಬೇಗ ಕುಸಿದರೆ, ಶಾಖ ಪ್ರೊಸೆಸರ್‌ನಿಂದ ಹೀಟ್‌ಸಿಂಕ್‌ಗೆ ದಾಟುತ್ತಲೇ ಇಲ್ಲ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರುವುದು ಅಥವಾ ಸಡಿಲವಾಗಿ ಕುಳಿತ ಹೀಟ್‌ಸಿಂಕ್ ಅದಕ್ಕೆ ಕಾರಣ. 65, 70, 75 ಎಂದು ನಿಮಿಷಗಟ್ಟಲೆ ನಿಧಾನವಾಗಿ ಏರುತ್ತಾ ಹೋದರೆ, ಶಾಖ ಹೀಟ್‌ಸಿಂಕ್‌ವರೆಗೆ ಬಂದಿದೆ, ಅಲ್ಲಿಂದ ಗಾಳಿಗೆ ಹೋಗುತ್ತಿಲ್ಲ. ಆಗ ಧೂಳನ್ನೋ ಕ್ಯಾಬಿನೆಟ್‌ನ ಗಾಳಿಯ ಹಾದಿಯನ್ನೋ ಶಂಕಿಸಬೇಕು.

ಧೂಳಿನ ವಿಷಯದಲ್ಲಿ ಎಲ್ಲರೂ ಮೋಸ ಹೋಗುವ ಒಂದು ಜಾಗವಿದೆ. ಫ್ಯಾನಿನ ರೆಕ್ಕೆಗಳನ್ನು ಒರೆಸಿ, ಮೇಲಿಂದ ನೋಡಿ, ಶುಚಿಯಾಗಿದೆ ಎಂದುಕೊಳ್ಳುತ್ತಾರೆ. ಧೂಳು ನಿಲ್ಲುವುದು ರೆಕ್ಕೆಯ ಕೆಳಗೆ, ಹೀಟ್‌ಸಿಂಕ್‌ನ ತೆಳು ಲೋಹದ ಎಲೆಗಳ ಬಾಯಿಯಲ್ಲಿ. ನಾಲ್ಕು ವರ್ಷ ಬಿಚ್ಚದ ಯಂತ್ರದಲ್ಲಿ ಫ್ಯಾನನ್ನು ಕಳಚಿ ಎತ್ತಿದರೆ ಎಲೆಗಳ ಮೇಲೆ ಬೂದು ಬಣ್ಣದ ಕಂಬಳಿ ಹೊದಿಸಿದಂತೆ ಧೂಳು ಹೆಣೆದುಕೊಂಡಿರುತ್ತದೆ. ಚಿಮಟದಲ್ಲಿ ಒಂದು ಅಂಚು ಹಿಡಿದು ಎಳೆದರೆ ಇಡೀ ಪದರ ಒಂದೇ ತುಂಡಾಗಿ ಎದ್ದುಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದರ ಮೇಲೆ ಫ್ಯಾನ್ ಎಷ್ಟೇ ಜೋರಾಗಿ ಬೀಸಿದರೂ ಗಾಳಿ ಲೋಹಕ್ಕೆ ತಾಗುವುದಿಲ್ಲ, ಪಕ್ಕಕ್ಕೆ ಚೆದುರುತ್ತದೆ, ಸದ್ದು ಮಾತ್ರ ಹೆಚ್ಚುತ್ತದೆ. ಊದುವ ಯಂತ್ರವನ್ನೋ ಗಾಳಿಯ ಡಬ್ಬಿಯನ್ನೋ ಬಳಸುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ, ಈಗಾಗಲೇ ಬಳಲಿರುವ ಬೇರಿಂಗ್ ಇನ್ನಷ್ಟು ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನ ಮೂತಿಯನ್ನು ಬೋರ್ಡಿಗೆ ಹಿಡಿಯಬೇಡಿ, ಅದರಿಂದ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ.

ಇನ್ನು ಥರ್ಮಲ್ ಪೇಸ್ಟ್. ಎರಡು ಲೋಹದ ಮೇಲ್ಮೈಗಳು ಎಷ್ಟೇ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮವಾದ ತಗ್ಗುಗಳಿರುತ್ತವೆ, ಅವುಗಳಲ್ಲಿ ಗಾಳಿ ತುಂಬಿರುತ್ತದೆ. ಶಾಖ ಸಾಗಿಸುವ ಶಕ್ತಿಯನ್ನು ಒಂದೇ ಮಾನದಲ್ಲಿ ಹೋಲಿಸಿದರೆ ತಾಮ್ರದ್ದು ಸುಮಾರು 400, ಒಳ್ಳೆಯ ಪೇಸ್ಟಿನದು 10ರ ಒಳಗೆ, ಗಾಳಿಯದು 0.03ಕ್ಕೂ ಕಡಿಮೆ. ಅಂದರೆ ಪೇಸ್ಟ್ ಗಾಳಿಗಿಂತ ನೂರಾರು ಪಟ್ಟು ಉತ್ತಮ, ಲೋಹಕ್ಕಿಂತ ಬಹಳ ಕಳಪೆ. ಹೆಚ್ಚು ಬಳಿದರೆ ಹೆಚ್ಚು ತಂಪು ಎಂಬ ನಂಬಿಕೆ ಸುಳ್ಳಾಗುವುದು ಇದೇ ಕಾರಣಕ್ಕೆ. ತಗ್ಗು ತುಂಬುವಷ್ಟು ಸಾಕು. ಸಾಮಾನ್ಯ ಗಾತ್ರದ ಪ್ರೊಸೆಸರ್‌ಗೆ ಬಟಾಣಿ ಕಾಳಿನಷ್ಟು ನಡುವೆ ಇಟ್ಟು ಹೀಟ್‌ಸಿಂಕ್ ಕೂರಿಸಿದರೆ ಒತ್ತಡಕ್ಕೆ ತಾನೇ ಹರಡುತ್ತದೆ. ನಾಲ್ಕು ವರ್ಷಕ್ಕೆ ಅಗ್ಗದ ಪೇಸ್ಟ್ ಒಣಗಿ ಬಿರುಕು ಬಿಡುವುದು ಅಪರೂಪವಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನಯವಾದ ಬಟ್ಟೆಯಿಂದ ಹಳೆಯದನ್ನು ಪೂರ್ತಿ ಒರೆಸಿ ಹೊಸದು ಹಾಕಬೇಕು. ಟೂತ್‌ಪೇಸ್ಟ್ ಸಾಕು ಎನ್ನುವವರ ಮಾತು ಕೇಳಬೇಡಿ. ಅದರೊಳಗಿನ ನೀರು ಕೆಲವೇ ದಿನಗಳಲ್ಲಿ ಆರಿಹೋಗಿ, ಶಾಖ ಸಾಗಿಸದ ಒಣಪುಡಿ ಉಳಿಯುತ್ತದೆ. ಪೇಸ್ಟಿನ ಬದಲು ಹಚ್ಚುವ ದ್ರವ ಲೋಹ, ಲಿಕ್ವಿಡ್ ಮೆಟಲ್ ಕೂಡ ನಿಮಗೆ ಬೇಡ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಹೀಟ್‌ಸಿಂಕನ್ನು ತಿಂದುಹಾಕುತ್ತದೆ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ.

ಹೀಟ್‌ಸಿಂಕ್ ಬಿಚ್ಚುವಾಗ ಎರಡು ಅಪಾಯಗಳಿವೆ. ಎಎಮ್‌ಡಿ ಕಂಪನಿಯ ಎಎಂ4 ಸಾಕೆಟ್‌ನ (ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಪ್ರೊಸೆಸರ್‌ಗಳ ಅಡಿಯಲ್ಲಿ ಸಾವಿರಕ್ಕೂ ಹೆಚ್ಚು ನಾಜೂಕಾದ ಪಿನ್‌ಗಳಿವೆ. ಪೇಸ್ಟ್ ಗಟ್ಟಿಯಾಗಿ ಅಂಟಿದ್ದಾಗ ಹೀಟ್‌ಸಿಂಕನ್ನು ನೇರ ಮೇಲಕ್ಕೆಳೆದರೆ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಮೊದಲು ಹತ್ತಿಪ್ಪತ್ತು ನಿಮಿಷ ಕೆಲಸ ಮಾಡಿಸಿ ಬಿಸಿಯೇರಿಸಿ, ಆಫ್ ಮಾಡಿ ತಂತಿ ಕಿತ್ತು, ಹಿಡಿಕೆ ಬಿಡಿಸಿ, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಸಡಿಲಿಸಿದ ಮೇಲಷ್ಟೇ ಎತ್ತಿ. ಇಂಟೆಲ್ ಪ್ರೊಸೆಸರ್ ಜೊತೆ ಬರುವ ಹೀಟ್‌ಸಿಂಕ್‌ಗಳ ತೊಂದರೆ ಬೇರೆ. ನಾಲ್ಕು ಮೂಲೆಯಲ್ಲಿ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕಾಲುಗಳಿರುತ್ತವೆ. ಮೂರು ಗಟ್ಟಿಯಾಗಿ ಕುಳಿತು ನಾಲ್ಕನೆಯದು ಅರ್ಧ ಮಾತ್ರ ಇಳಿದಿದ್ದರೂ ಮೇಲಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಬೋರ್ಡಿನ ಹಿಂಬದಿಯಿಂದ ನೋಡಿದರೆ ಗೊತ್ತಾಗುತ್ತದೆ: ಸರಿಯಾಗಿ ಕುಳಿತ ಕಾಲಿನ ಸೀಳುಗಳು ಅಗಲವಾಗಿ ಬಿರಿದು ಬೋರ್ಡನ್ನು ಕಚ್ಚಿರುತ್ತವೆ, ಕೂರದ ಕಾಲಿನವು ಒಟ್ಟಿಗೆ ಮುದುಡಿರುತ್ತವೆ. ಒಂದು ಕಾಲು ಎದ್ದರೆ ಹೀಟ್‌ಸಿಂಕ್ ವಾಲುತ್ತದೆ, ತಾಪಮಾನ ಕ್ಷಣದಲ್ಲಿ ಜಿಗಿಯುತ್ತದೆ. ಕೂರಿಸುವಾಗ ಕರ್ಣದ ದಿಕ್ಕಿನಲ್ಲಿ ಎದುರು ಬದುರು ಮೂಲೆಗಳನ್ನು ಒತ್ತಿ.

ಕ್ಯಾಬಿನೆಟ್ ಬಾಗಿಲು ತೆಗೆದಿಡುವುದು ಒಳ್ಳೆಯ ಪರೀಕ್ಷೆ, ಕೆಟ್ಟ ಅಭ್ಯಾಸ. ಅರ್ಧ ಗಂಟೆ ಬಾಗಿಲು ತೆಗೆದು ಅದೇ ಕೆಲಸ ಕೊಟ್ಟು ನೋಡಿ. ತಾಪಮಾನ ಏಳೆಂಟು ಡಿಗ್ರಿಗಿಂತ ಹೆಚ್ಚು ಇಳಿದರೆ ಡಬ್ಬಿಯೊಳಗೆ ಬಿಸಿಗಾಳಿ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಮುಂದಿನ ಜಾಲರಿ ತೊಳೆಯಿರಿ, ಯಂತ್ರವನ್ನು ಗೋಡೆಯಿಂದ ದೂರ ಸರಿಸಿ, ಮುಂಭಾಗದಲ್ಲಿ ಗಾಳಿ ಒಳಗೆಳೆಯುವ ಒಂದು ಫ್ಯಾನ್ ಹಾಕಿಸಿ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಡಬ್ಬಿ ನಿರಪರಾಧಿ. ಕಾಯಂ ಆಗಿ ತೆರೆದಿಟ್ಟರೆ ಸದ್ದಿಗೆ ಇದ್ದ ಒಂದು ಗೋಡೆಯೂ ಇಲ್ಲದಾಗಿ ನಿಮ್ಮ ತಾಯಿಗೆ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ, ಧೂಳೂ ಬೇಗ ತುಂಬುತ್ತದೆ.

ಫ್ಯಾನ್ ಹೆಚ್ಚಿದರೆ ಸದ್ದು ಹೆಚ್ಚಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಫ್ಯಾನಿನ ವೇಗ ಅರ್ಧವಾದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಅದೇ ಅರ್ಧ ವೇಗದ ಇನ್ನೊಂದು ಫ್ಯಾನ್ ಸೇರಿಸಿದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಗಾಳಿ ಹೆಚ್ಚುಕಡಿಮೆ ಮೊದಲಿನಷ್ಟೇ, ಸದ್ದು 12 ಡೆಸಿಬಲ್ ಕಡಿಮೆ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿ ಅಷ್ಟೇ ಗಾಳಿ ಕೊಡುವುದೂ ಇದೇ ಲೆಕ್ಕದಿಂದ.

ಆದ್ದರಿಂದ ಹಣ ಖರ್ಚು ಮಾಡುವುದೇ ಆದರೆ ನಾನು ನಿಮಗೆ ಹೇಳುವುದು ವಾಟರ್ ಕೂಲಿಂಗ್ ಅಲ್ಲ, 120 ಮಿಲಿಮೀಟರ್ ಫ್ಯಾನ್ ಇರುವ ಗೋಪುರದ ಆಕಾರದ ಏರ್ ಕೂಲರ್. ಅದರ ತಾಮ್ರದ ಕೊಳವೆಗಳೊಳಗಿನ ಅತ್ಯಲ್ಪ ದ್ರವ ಬುಡದಲ್ಲಿ ಆವಿಯಾಗಿ, ಮೇಲೆ ತಂಪಾಗಿ ಮರಳಿ ಇಳಿಯುತ್ತಾ ಶಾಖ ಸಾಗಿಸುತ್ತದೆ. ಕೆಡುವ ಭಾಗವೆಂದರೆ ಫ್ಯಾನ್ ಒಂದೇ, ಅದನ್ನು ಐದು ನಿಮಿಷದಲ್ಲಿ ಬದಲಿಸಬಹುದು. ಕೊಳ್ಳುವ ಮೊದಲು ಕ್ಯಾಬಿನೆಟ್‌ನ ಅಗಲ ನೋಡಿ. ಇಂಥ ಕೂಲರ್‌ಗಳ ಎತ್ತರ 155–160 ಮಿಲಿಮೀಟರ್ ಇರುವುದು ಸಾಮಾನ್ಯ, ಕಿರಿದಾದ ಡಬ್ಬಿಗಳಲ್ಲಿ ಬಾಗಿಲು ಮುಚ್ಚುವುದಿಲ್ಲ. ನಿಮ್ಮ ಸಾಕೆಟ್‌ಗೆ ಹೊಂದುವ ಹಿಡಿಕೆ ಪೆಟ್ಟಿಗೆಯಲ್ಲಿದೆಯೇ ಎಂದೂ ಕೇಳಿ. ಭಾರ ಹೆಚ್ಚಿರುವುದರಿಂದ ಯಂತ್ರ ಸಾಗಿಸುವಾಗ ಬೋರ್ಡ್ ಕೆಳಗಾಗುವಂತೆ ಮಲಗಿಸಿ ಒಯ್ಯಬೇಕು.

ವಾಟರ್ ಕೂಲಿಂಗ್ ಕೆಟ್ಟದ್ದೇನೂ ಅಲ್ಲ. ಗಂಟೆಗಟ್ಟಲೆ ಪೂರ್ಣ ಭಾರ ಹೊರುವ, ನೂರಾರು ವ್ಯಾಟ್ ಉಣ್ಣುವ ಪ್ರೊಸೆಸರ್‌ಗೆ ಅದು ಅರ್ಥಪೂರ್ಣ. ಆದರೆ ಅದರ ರೇಡಿಯೇಟರ್‌ಗೂ ಫ್ಯಾನ್‌ಗಳಿರುತ್ತವೆ, ಜೊತೆಗೆ ಪಂಪು ಹಗಲೂ ರಾತ್ರಿ ಗುಂಯ್‌ಗುಡುತ್ತದೆ. ವರ್ಷ ಕಳೆದಂತೆ ದ್ರವ ಕೊಳವೆಗಳ ಮೂಲಕ ಅಷ್ಟಷ್ಟೇ ಆರುತ್ತದೆ, ಒಳಗೆ ಗಾಳಿಯ ಗುಳ್ಳೆ ಸೇರಿದರೆ ಗುಳುಗುಳು ಸದ್ದು. ಪಂಪು ಕೆಟ್ಟರೆ ಇಡೀ ಘಟಕವನ್ನೇ ಬದಲಿಸಬೇಕು. ಮಲಗುವ ಕೋಣೆಗೆ, ನಿಮ್ಮ ಬಗೆಯ ಕೆಲಸಕ್ಕೆ, ಅದನ್ನು ನಾನು ಶಿಫಾರಸು ಮಾಡಲಾರೆ.

ಖರ್ಚಿಲ್ಲದ ಮತ್ತೊಂದು ದಾರಿ ಪ್ರೊಸೆಸರ್‌ನ ಏರುವೇಗಕ್ಕೆ ಕಡಿವಾಣ ಹಾಕುವುದು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿದರೆ ಹೆಚ್ಚಿನ ಯಂತ್ರಗಳಲ್ಲಿ ಟರ್ಬೊ, ಅಂದರೆ ಮಾಮೂಲಿ ವೇಗಕ್ಕಿಂತ ಮೇಲೇರುವುದು, ನಿಲ್ಲುತ್ತದೆ. ತಾಪಮಾನ ಕಣ್ಣೆದುರೇ ಇಳಿಯುತ್ತದೆ. ಅನುವಾದದ ಕಡತದಲ್ಲಿ ಟೈಪ್ ಮಾಡುವಾಗ ವ್ಯತ್ಯಾಸ ತಿಳಿಯುವುದೇ ಇಲ್ಲ, ಪಿಡಿಎಫ್ ಮಾಡುವಾಗ ನಿಧಾನವಾದದ್ದು ಗೊತ್ತಾಗುತ್ತದೆ. ರಾತ್ರಿಗೆ ಒಂದು, ಹಗಲಿಗೆ ಒಂದು ಪವರ್ ಯೋಜನೆ ಮಾಡಿಟ್ಟುಕೊಳ್ಳಬಹುದು. ಹಾಗೆಯೇ ಸುಮ್ಮನಿದ್ದಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಏನೂ ಮಾಡದಿದ್ದರೂ ಪ್ರೊಸೆಸರ್ ಶೇಕಡಾ 20–30ರಷ್ಟು ದುಡಿಯುತ್ತಲೇ ಇದ್ದರೆ ಬ್ರೌಸರ್‌ನ ಯಾವುದೋ ವಿಸ್ತರಣೆಯೋ, ನಿಮಗೆ ತಿಳಿಯದೆ ಕ್ರಿಪ್ಟೊ ನಾಣ್ಯ ಗಣಿ ಮಾಡುವ ಕುತಂತ್ರಾಂಶವೋ ಒಳಗೆ ಕುಳಿತಿರಬಹುದು. ಅದನ್ನು ಹಾಗೇ ಬಿಟ್ಟರೆ ಹೊಸ ಕೂಲರ್ ಹಾಕಿಯೂ ಪ್ರಯೋಜನವಿಲ್ಲ.

ನಿಮ್ಮ ಜಾಗದಲ್ಲಿದ್ದರೆ ನಾನು ಇಂದು ರಾತ್ರಿಯೇ ಬಯಾಸ್‌ನಲ್ಲಿ ವಿಳಂಬ ಮತ್ತು ರೇಖೆಯನ್ನು ತಿದ್ದುತ್ತಿದ್ದೆ. ಬಿಡುವಿನ ದಿನ ಧೂಳು ತೆಗೆದು, ಮೇಲೆ ಹೇಳಿದ ಪಿಡಿಎಫ್ ಪರೀಕ್ಷೆ ಮಾಡುತ್ತಿದ್ದೆ. ತಾಪಮಾನ ಜಿಗಿಯುವ ಬಗೆಯದೆಂದು ಕಂಡರೆ ಹೀಟ್‌ಸಿಂಕ್ ಹೇಗೂ ಬಿಚ್ಚಬೇಕು, ಬೇರಿಂಗ್ ಕೂಡ ಸವೆದಿದೆ. ಹಾಗಿರುವಾಗ ಹಳೆಯದಕ್ಕೇ ಹೊಸ ಪೇಸ್ಟ್ ಹಾಕಿ ಕೂರಿಸುವ ಬದಲು ಅದೇ ಸಲಕ್ಕೆ ಗೋಪುರದ ಕೂಲರ್ ಹಾಕಿಬಿಡುವುದು ಲೇಸು. ಕೈ ನಡುಗುತ್ತದೆ ಎನ್ನಿಸಿದರೆ ಈ ಒಂದು ಕೆಲಸವನ್ನು ಮಾತ್ರ ರಿಪೇರಿಯವರಿಂದ ಮಾಡಿಸಿ. ಏನು ಹಾಕಬೇಕು ಎಂಬುದನ್ನು ನೀವೇ ಹೇಳಿ.

ಅಲ್ಲಿಯ ತನಕ ಯಂತ್ರವನ್ನು ಧೈರ್ಯವಾಗಿ ಬಳಸಿ. ದೊಡ್ಡ ಪಿಡಿಎಫ್‌ಗಳನ್ನು ತಾಯಿ ಮಲಗುವ ಮೊದಲೇ ಮುಗಿಸಿಕೊಳ್ಳಿ, ಕಡತಗಳ ಪ್ರತಿಯೊಂದನ್ನು ಬೇರೆಡೆ ಇಟ್ಟಿರಿ. ಗರಗರ ಎನ್ನುತ್ತಿದ್ದ ಫ್ಯಾನ್ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಸದ್ದೇ ಮಾಡದಿದ್ದರೆ ಸಮಾಧಾನಪಡಬೇಡಿ. ಅದು ತಿರುಗುತ್ತಿದೆಯೇ ಎಂದು ತಾಪಮಾನದ ತಂತ್ರಾಂಶದಲ್ಲಿ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಂಕಿ ನೋಡಿ. ಸೊನ್ನೆ ತೋರಿಸಿದರೆ ಕೆಲಸ ಉಳಿಸಿ ಕೂಡಲೇ ಆಫ್ ಮಾಡಿ, ಹೊಸ ಫ್ಯಾನ್ ಬರುವ ತನಕ ಆನ್ ಮಾಡಬೇಡಿ.